ನಿಂತೇ ಇದ್ದ ಕಲ್ಲು

ತಾನು ಸತ್ತಿರುವ ಸಂಗತಿ ಅವಳಿಗೆ ಗೊತ್ತಾದದ್ದು ಒಂದು ಮೋಡ ಕವಿದ ಮಧ್ಯಾಹ್ನ, ಟೈಲರಿಂಗ್ ಅಂಗಡಿಯ ಬಾಗಿಲು ಎಳೆದುಕೊಂಡು ತೋಟಕ್ಕೆ ಬಂದಾಗ.

ಹೇಳಿದರೆ ನಗುತ್ತೀರಿ. ಆದರೆ ಆ ತೋಟದ ಪದ್ಧತಿ ತಿಳಿದವರು ನಗುವುದಿಲ್ಲ. ಹಳೆಯ ನೀರಿನ ಟ್ಯಾಂಕಿನ ಹಿಂದೆ, ಮೊದಲು ಲಾರಿಗಳು ನಿಲ್ಲುತ್ತಿದ್ದ ಜಾಗದಲ್ಲಿ, ಬಡಾವಣೆಯವರೆಲ್ಲ ಕೈಜೋಡಿಸಿ ಮಾಡಿದ ತೋಟ ಅದು. 'ಬದುಕಿ ಬಂದವರ ತೋಟ' ಅನ್ನುತ್ತಾರೆ. ಕ್ಯಾನ್ಸರ್ ಬಂದು, ಚಿಕಿತ್ಸೆಯನ್ನೆಲ್ಲ ದಾಟಿ ಹೊರಗೆ ಬಂದವರ ಹೆಸರಿನಲ್ಲಿ ಅಲ್ಲಿ ಒಂದೊಂದು ಕಲ್ಲು ನೆಡುತ್ತಾರೆ, ಸೊಂಟದೆತ್ತರದ್ದು. ಆ ಮನುಷ್ಯ ಇರುವವರೆಗೆ ಕಲ್ಲು ನಿಂತಿರುತ್ತದೆ. ಹೋದ ಮೇಲೆ ಅದನ್ನು ಅದೇ ಜಾಗದಲ್ಲಿ, ಹೆಸರು ಆಕಾಶ ನೋಡುವ ಹಾಗೆ, ಮಲಗಿಸುತ್ತಾರೆ. ಕಾಯಿಲೆ ಮರಳಿ ಬಂದು ಹೋದರೋ, ಮುಪ್ಪಿನಿಂದ ಹೋದರೋ, ಕಲ್ಲು ಕೇಳುವುದಿಲ್ಲ.

ಅವಳ ಹೆಸರಿನ ಕಲ್ಲು ಮಲಗಿತ್ತು. ಮೇಲೆ ಯಾರೋ ಪುಣ್ಯಾತ್ಮರು ಎರಡು ಬಿಳಿ ಹೂವನ್ನೂ ಇಟ್ಟು ಹೋಗಿದ್ದರು.

ಅವಳಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ನಿಜವಿರಬಹುದೇನೋ ಅಂತಲೂ ಅನಿಸಿಬಿಟ್ಟಿತು. ಆಮೇಲೆ ಎಂದಿನಂತೆ ಕೋಪ ಬಂತು. ಸ್ವಲ್ಪ ದೂರದಲ್ಲಿ ಒಬ್ಬ ಮಂಡಿಯೂರಿ ಕುಳಿತು ಇನ್ನೊಂದು ಕಲ್ಲಿನ ಅಂಚು ಉಜ್ಜುತ್ತಿದ್ದ. ರೆಪ್ಪೆಯ ಮೇಲೂ ಕಲ್ಲಿನ ಪುಡಿ.

"ರೀ, ಸ್ವಲ್ಪ ಇಲ್ಲಿ ಬನ್ನಿ. ಇವರು ಯಾವಾಗ ಹೋದ್ರು?"

ಅವನು ಬಂದು ಹೆಸರು ನೋಡಿದ. "ಇವರಾ? ಹೋಗಿಲ್ವಲ್ಲ. ಚೆನ್ನಾಗಿದಾರೆ ಅಂತ ಕೇಳಿದೀನಿ."

"ಚೆನ್ನಾಗಿರೋರು ಯಾಕೆ ಮಲಗಿದಾರೆ?"

"ಗುಂಡಿ ತಳದ ಕಾಂಕ್ರೀಟ್ ಇನ್ನೂ ಹಸಿ. ಒಣಗಿದ ಮೇಲೆ ಎತ್ತಿ ನಿಲ್ಲಿಸಿ ಸುತ್ತ ಮಣ್ಣು ತುಂಬ್ತೀನಿ. ಮೇಲೆ ಗೋಣಿ ಮುಚ್ಚಿದ್ದೆ, ಗಾಳಿಗೆ ಹಾರಿಹೋಯ್ತು ಅನ್ಸತ್ತೆ." ಅವನು ಹೂವು ನೋಡಿ ನಾಲಿಗೆ ಕಚ್ಚಿಕೊಂಡ. "ನೀವು ಅವರಿಗೆ ಏನಾಗಬೇಕು?"

"ನಾನೇ ಅವರು."

ಅವನ ಮುಖ ನೋಡುವ ಹಾಗಿತ್ತು. ಪುಡಿಯ ಕೆಳಗೆ ಇದ್ದಷ್ಟು ಬಣ್ಣವೂ ಇಳಿದುಹೋಯಿತು. "ತಪ್ಪಾಯ್ತು. ದೊಡ್ಡ ತಪ್ಪಾಯ್ತು," ಅನ್ನುತ್ತ ಹೂವು ತೆಗೆಯಲು ಬಾಗಿದ.

"ಬಿಡಿ, ಅದು ನನ್ನದು," ಅಂದಳು ಅವಳು. "ಬದುಕಿದ್ದಾಗ ಯಾರೂ ಕೊಟ್ಟಿರ್ಲಿಲ್ಲ." ಒಂದನ್ನು ಎತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಔಷಧಿಗೆ ಉದುರಿ ಮತ್ತೆ ಹುಟ್ಟಿದ ಕೂದಲು, ಇನ್ನೂ ಕುತ್ತಿಗೆಯವರೆಗಷ್ಟೇ ಬಂದಿತ್ತು. ಹೂವು ನಿಲ್ಲದೆ ಜಾರಿತು. ಅದನ್ನು ಅವನು ನೆಲಕ್ಕೆ ಬೀಳುವ ಮೊದಲೇ ಹಿಡಿದ. ಕೊಡುವಾಗ ಕಣ್ಣೆತ್ತಿ ನೋಡಿದ, ನೋಡಿದ್ದು ಸ್ವಲ್ಪ ಹೆಚ್ಚಾಯಿತು ಅಂತ ಅವನಿಗೇ ಅನಿಸಿರಬೇಕು, ಗೋಣಿ ಹುಡುಕುವ ನೆಪದಲ್ಲಿ ಅತ್ತ ಹೋದ.

ಆ ಸಂಜೆ ಅವಳ ಅಣ್ಣನಿಗೆ ಎರಡು ಸಂತಾಪದ ಫೋನ್ ಬಂದವು. ಎರಡನ್ನೂ ಅವಳೇ ಎತ್ತಿ ಮಾತಾಡಿದಳು.

*

ಕಲ್ಲಿನವನು ಮರುವಾರ ಅವಳ ಅಂಗಡಿಗೆ ಬಂದ. ಕೈಯಲ್ಲಿ ಒಂದು ಹಳೆಯ ಕೋಟು. ಕಲ್ಲು ಕೆತ್ತುವ ಚಾಣ ಇಟ್ಟುಕೊಂಡು ಜೇಬು ಹರಿದುಹೋಗಿದೆಯಂತೆ.

ಅಂಗಡಿ ಅಂದರೆ ಅಣ್ಣನ ಮನೆಯ ಮುಂದಿನ ಕೋಣೆ. ಎರಡು ಮಷಿನ್, ಒಂದು ಉದ್ದನೆಯ ಮೇಜು, ಬಾಗಿಲ ಹಿಂದೆ ಒಂದು ಕನ್ನಡಿ. ಚಿಕಿತ್ಸೆ ಮುಗಿದ ಮೇಲೆ ಬೇರೆ ಊರಿನಿಂದ ಬಂದು ಅವಳು ಇಲ್ಲಿ ಮಷಿನ್ ಹಾಕಿದ್ದಳು. ಉದ್ದ ಕಡಿಮೆ ಮಾಡುವುದು, ಸೊಂಟ ಹಿಡಿಸುವುದು, ಜಿಪ್ ಬದಲಿಸುವುದು. ತನ್ನ ಹಾಗೆಯೇ ಎದೆಯ ಆಪರೇಷನ್ ಆದ ಹೆಂಗಸರು ಬಂದರೆ ಬಾಗಿಲು ಹಾಕಿ, ಒಳಗೆ ಹತ್ತಿ ತುಂಬಿ ಎರಡು ಬದಿಯೂ ಸಮ ಕಾಣುವ ಹಾಗೆ ಹೊಲಿದು ಕೊಡುತ್ತಿದ್ದಳು. ಆ ಕೆಲಸ ಅವಳು ಕಲಿತದ್ದು ತನ್ನ ಮೈಮೇಲೆಯೇ.

ಜೇಬಿಗೆ ಕ್ಯಾನ್ವಾಸ್ ಕೊಟ್ಟು ಹೊಲಿದಳು. "ಇದು ನಿಮಗಿಂತ ಹೆಚ್ಚು ಬಾಳಿಕೆ ಬರತ್ತೆ," ಅಂದಳು.

ಹತ್ತು ದಿನವಾಗಲಿಲ್ಲ, ಜೇಬು ಮತ್ತೆ ಹರಿಯಿತು. ಇನ್ನೊಮ್ಮೆ ಹೊಲಿದಳು. ಮತ್ತೂ ಹರಿಯಿತು. ಅವನು ಬಂದಾಗಲೆಲ್ಲ ಮೇಜಿನ ಆಚೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಮಾತು ಕಡಿಮೆ, ಆದರೆ ಕೇಳಿಸಿಕೊಳ್ಳುವ ಕಲೆ ಇತ್ತು. ಅವಳು ಯಾರಿಗೂ ಹೇಳದ್ದನ್ನೆಲ್ಲ ಹೇಳಿಬಿಟ್ಟಳು.

"ನಂಗೆ ಕ್ಯಾನ್ಸರ್ ಅಂತ ಗೊತ್ತಾಗಿದ್ದೇ ಆಪರೇಷನ್ ಆದಮೇಲೆ. ಅಣ್ಣ, ಅತ್ತಿಗೆ ಎಲ್ಲಾರೂ ಸಣ್ಣ ಗಂಟು, ಸಣ್ಣ ಗಂಟು ಅಂತಿದ್ರು. ಎಚ್ಚರ ಆಗಿ ಮುಟ್ಟಿ ನೋಡ್ಕೋತೀನಿ, ಒಂದು ಕಡೆ ಬರೀ ಬ್ಯಾಂಡೇಜು. ಹೇಳಿದ್ದು ಪಕ್ಕದ ಬೆಡ್ಡಿನ ಹೆಂಗಸು." ಅವಳು ಹಲ್ಲಿನಿಂದ ದಾರ ಕಡಿದಳು. "ಅವರು ನನ್ನ ಮೇಲಿನ ಪ್ರೀತಿಯಿಂದಲೇ ಮುಚ್ಚಿಟ್ರು. ಗೊತ್ತು. ಆದ್ರೂ ಅವತ್ತಿಂದ, ಯಾರಾದ್ರೂ ನಗ್ತಾ ನನ್ನ ಕೋಣೆಗೆ ಬಂದ್ರೆ ಭಯ ಆಗತ್ತೆ."

ಅವನು ನಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅವಳ ಕೈಯಿಂದ ಜಾರಿದ ದಾರದ ಉಂಡೆಯನ್ನು ಎತ್ತಿ ಮೇಜಿನ ಮೇಲಿಟ್ಟ. ಅದಕ್ಕೇ ಅವಳಿಗೆ ಅವನು ಹಿಡಿಸಿದ್ದು.

ನಾಲ್ಕನೆಯ ಸಲ ಕೋಟು ಬಂದಾಗ ಅವಳು ಜೇಬನ್ನು ಬೆಳಕಿಗೆ ಹಿಡಿದಳು. ನೋಡಿದಳು. ಅವನನ್ನು ನೋಡಿದಳು. ಮತ್ತೆ ಜೇಬು ನೋಡಿದಳು.

"ಬಟ್ಟೆ ಹರಿದ್ರೆ ಎಳೆ ಎಳೆಯಾಗಿ ಹರಿಯತ್ತೆ. ಇದು ನೇರ ಗೆರೆ ಎಳೆದ ಹಾಗಿದೆ. ಬ್ಲೇಡಾ, ಕತ್ತರೀನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಸಣ್ಣ ಬ್ಲೇಡು ಅಲ್ಲೇ ಇತ್ತು. ಕಿವಿಯವರೆಗೆ ಕೆಂಪಾದ.

"ಕಲ್ಲಾದ್ರೆ ಚೆನ್ನಾಗಿ ಕೆತ್ತೀನಿ," ಅಂದ ತಗ್ಗಿದ ದನಿಯಲ್ಲಿ. "ಬಟ್ಟೆ ಅಭ್ಯಾಸ ಇಲ್ಲ."

ಅವಳು ನಕ್ಕ ನಗು ಒಳಮನೆಯ ಅತ್ತಿಗೆಗೂ ಕೇಳಿಸಿತು. ಅವನು ಹೋದ ಮೇಲೆ ಅತ್ತಿಗೆ ಬಾಗಿಲಲ್ಲಿ ನಿಂತು, "ಆ ಜೇಬಿಗೆ ಎಷ್ಟು ಸಲ ಹೊಲಿಗೆ ಹಾಕ್ತೀಯೇ? ಆ ಮನುಷ್ಯನಿಗೇ ಒಂದು ಟಾಕಾ ಹಾಕಿ ಇಟ್ಕೋಬಾರ್ದಾ?" ಅಂದಳು.

"ಹೋಗಿ ಅತ್ತಿಗೆ," ಅಂದಳು ಅವಳು. ಆದರೆ ಆ ರಾತ್ರಿ ಕನ್ನಡಿಯ ಮುಂದೆ ಬಟ್ಟೆ ಬದಲಿಸುವಾಗ, ಎಂದೂ ನೋಡದೆ ಬಿಡುತ್ತಿದ್ದ ಆ ಕಡೆಯನ್ನು ನಿಂತು ನೋಡಿಕೊಂಡಳು. ಅವನು ನೋಡಿದರೆ ಏನನ್ನುತ್ತಾನೆ ಅಂತ ಯೋಚಿಸಿದಳು. ಬಹಳ ಕಾಲದ ಮೇಲೆ ಆಸೆಪಡುವುದಕ್ಕೆ ಧೈರ್ಯ ಬಂದಿತ್ತು.

*

ಆಸೆಗೆ ಹುಳಿ ಹಿಂಡಿದ್ದು ತೋಟ ನೋಡಿಕೊಳ್ಳುವ ಅಜ್ಜಿ. ಅಜ್ಜಿಯದೇನೂ ತಪ್ಪಿಲ್ಲ, ಪಾಪ.

ಅವಳ ಕಲ್ಲು ಎದ್ದು ನಿಂತಿತ್ತು. ಅದನ್ನು ನೋಡಲು ಹೋದವಳು ಗೇಟಿನ ಬಳಿಯ ಮೊದಲನೆಯ ಕಲ್ಲಿನ ಹತ್ತಿರ ನಿಂತಳು. ಅಷ್ಟು ಚೆಂದದ ಕೆತ್ತನೆ ಆ ತೋಟದಲ್ಲಿ ಇನ್ನೊಂದಿರಲಿಲ್ಲ. ಅಕ್ಷರಗಳ ಸುತ್ತ ಸಣ್ಣ ಬಳ್ಳಿ, ಬಳ್ಳಿಯ ಎಲೆಗಳಲ್ಲಿ ನರಗಳು ಕೂಡ.

"ಇವರು ಯಾರಜ್ಜಿ? ಬದುಕಿ ಬಂದವರ ಮೀಟಿಂಗಿನಲ್ಲಿ ಯಾವತ್ತೂ ನೋಡಿಲ್ಲ."

ಅಜ್ಜಿ ನೀರಿನ ಪೈಪು ಇನ್ನೊಂದು ಪಾತಿಗೆ ತಿರುಗಿಸುತ್ತ, "ಅದಾ? ಅದು ನಮ್ಮ ಕಲ್ಲಿನವನ ಹೆಂಡ್ತೀದು ಕಣವ್ವ," ಅಂದಳು. ಅಷ್ಟೇ. ಊರಿಗೆಲ್ಲ ಗೊತ್ತಿರುವ ಮಾತು ಇವಳಿಗೂ ಗೊತ್ತಿರುತ್ತದೆ ಅಂದುಕೊಂಡು ಮುಂದಿನದನ್ನು ನುಂಗಿಕೊಂಡಳು.

ಕಲ್ಲು ನಿಂತಿತ್ತು. ನಿಂತಿದೆ ಅಂದರೆ ಇದ್ದಾಳೆ.

ಅವಳು ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಹೆಂಡತಿ, ಅದೂ ತನ್ನ ಹಾಗೇ ಕಾಯಿಲೆಯಿಂದ ಎದ್ದು ಬಂದ ಹೆಂಡತಿ, ಇವನು ಇಲ್ಲಿ ಬಂದು ಜೇಬು ಕತ್ತರಿಸಿಕೊಂಡು ಕೂರುತ್ತಾನೆ! ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ತಾನು ಕನ್ನಡಿಯ ಮುಂದೆ ನಿಂತದ್ದು ನೆನಪಾಗಿ ಮುಖ ಮುಚ್ಚಿಕೊಂಡಳು.

ಕೋಟಿಗಾಗಿ ಅವನು ಬಂದಾಗ ಅವಳು ಸ್ಟೂಲಿನ ಮೇಲೆ ಬಟ್ಟೆಯ ರಾಶಿ ಪೇರಿಸಿಟ್ಟಿದ್ದಳು.

"ಜೇಬು ಹೊಲಿದಿಲ್ಲ. ಮನೇಲಿ ನಿಮ್ಮ ಹೆಂಡ್ತಿ ಹೊಲಿದು ಕೊಡಲ್ವಾ?"

ಅವನು ಬಾಯಿ ತೆರೆದ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನಿಂತ. ಆಮೇಲೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಇಲ್ಲ ಅನ್ನಲಿಲ್ಲವಲ್ಲ ಅಂತ ಅವಳು ಅತ್ತಳು. ಆ ವಾರವೆಲ್ಲ ಬೆನ್ನು ನೋಯುತ್ತಿತ್ತು. ಮಷಿನ್ ತುಳಿದು ತುಳಿದು ನೋವು ಅಂದುಕೊಂಡಳು.

*

ಅದು ಮಷಿನ್ನಿನ ನೋವಾಗಿರಲಿಲ್ಲ.

ಸ್ಕ್ಯಾನಿಂಗ್ ನೋಡಿ ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡತೊಡಗಿದಾಗ ಅವಳೇ ತಡೆದಳು. "ಅಣ್ಣನ್ನ ಹೊರಗೆ ಕೂರಿಸಿ ಬಂದಿದೀನಿ. ನಂಗೇ ಹೇಳಿ, ನೇರವಾಗಿ ಹೇಳಿ."

"ಬೆನ್ನುಮೂಳೆಗೆ ಬಂದಿದೆ," ಅಂದರು ಡಾಕ್ಟರಮ್ಮ. "ಹಿಡಿದಿಡಬಹುದು. ಪೂರ್ತಿ ಓಡಿಸೋಕಾಗಲ್ಲ."

"ಎಷ್ಟು ದಿನ ಹಿಡಿದಿಡಬಹುದು?"

"ಕೆಲವರಿಗೆ ವರ್ಷಗಟ್ಟಲೆ. ಕೆಲವರಿಗೆ ಇಲ್ಲ. ನಿಮಗೆ ಹೇಗೆ ಅಂತ ನಿಜವಾಗಲೂ ನಂಗೆ ಗೊತ್ತಿಲ್ಲ."

ಗೊತ್ತಿಲ್ಲ ಅಂದದ್ದಕ್ಕೆ ಅವಳು ಅವರಿಗೆ ಕೈಮುಗಿದಳು. ಅಣ್ಣನಿಗೆ ತಾನೇ ಹೇಳಿದಳು. ಅವನು ಗಂಡಸು, ಆಸ್ಪತ್ರೆಯ ವರಾಂಡದಲ್ಲಿ ಮಗುವಿನ ಹಾಗೆ ಬಿಕ್ಕಿದ. ಅವನನ್ನು ಸಮಾಧಾನ ಮಾಡುವ ಕೆಲಸವೂ ಅವಳದ್ದೇ ಆಯಿತು.

ಸಂಜೆ ತೋಟಕ್ಕೆ ಹೋದಳು. ಬೆಳಕು ಮಂಕಾಗಿತ್ತು. ಅಜ್ಜಿ ಮನೆಗೆ ಹೊರಟಿದ್ದಳು. ಅವನು ಅವಳ ಕಲ್ಲಿನ ಬುಡದಲ್ಲೇ ಕುಳಿತು ಮಣ್ಣು ಬಿಗಿ ಮಾಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅಷ್ಟು ಬಿಗಿ ಮಾಡ್ಬೇಡಿ," ಅಂದಳು. "ಸ್ವಲ್ಪ ಸಡಿಲ ಇರ್ಲಿ. ಮಲಗಿಸುವಾಗ ನಿಮಗೆ ಸುಲಭ ಆಗತ್ತೆ."

ಅವನು ಅವಳ ಮುಖವನ್ನೇ ನೋಡಿದ. ಎರಡನೆಯ ಸಲ ಹೇಳಬೇಕಾಗಲಿಲ್ಲ. ಈ ತೋಟದಲ್ಲಿ ಕೆಲಸ ಮಾಡುವವನು ಆ ಮುಖವನ್ನು ಬೇರೆಯವರಲ್ಲೂ ಕಂಡಿದ್ದ. ಕೈಯಲ್ಲಿದ್ದ ಹಾರೆ ನೆಲಕ್ಕೆ ಬಿತ್ತು.

"ಎಲ್ಲಿ?"

"ಬೆನ್ನಲ್ಲಿ."

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು. "ಬೇಡ. ನಿಮ್ಮ ಮನೇಲಿ ಕಾಯ್ತಿರ್ತಾರೆ."

"ಮನೇಲಿ ಯಾರೂ ಇಲ್ಲ." ಅವನು ಗೇಟಿನ ಕಡೆ ನೋಡಿದ. ಆಮೇಲೆ ಒಂದೊಂದೇ ಮಾತು ಕಿತ್ತು ತೆಗೆದ. "ಅವಳು ಹೋಗಿ ನಾಲ್ಕು ವರ್ಷ."

"ಕಲ್ಲು ನಿಂತಿದೆಯಲ್ಲ!"

"ಹೂಂ."

"ಎಲ್ಲರದ್ದೂ ನೀವೇ ಮಲಗಿಸ್ತೀರಿ."

"ಎಲ್ಲರದ್ದೂ ಮಲಗಿಸಿದೀನಿ. ಅವಳದಕ್ಕೆ ಕೈಯೇ ಏಳಲಿಲ್ಲ. ಪ್ರತಿ ವಾರ ಹಾರೆ ತಗೊಂಡು ಹೋಗ್ತೀನಿ, ಧೂಳು ಒರೆಸಿ ವಾಪಸ್ ಬರ್ತೀನಿ. ತೋಟದ ಕಮಿಟಿಯವರೂ ಕೇಳೋದು ಬಿಟ್ರು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅವತ್ತು ನೀವು ಕೇಳಿದಾಗ, ಅವಳು ಸತ್ತುಹೋಗಿದಾಳೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಆ ಮಾತನ್ನ ನಾನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿರ್ಲಿಲ್ಲ."

ಬೇರೆ ಕತೆಯಾಗಿದ್ದರೆ ಅವಳು ಈಗ ಓಡಿಹೋಗಿ ಅವನ ಎದೆಗೊರಗಬೇಕಿತ್ತು. ಒರಗುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಅವಳಿಗೆ ಬಂದದ್ದು ಭಯ.

"ನನ್ನನ್ನೂ ಹೀಗೇ ಮಾಡ್ತೀರಿ," ಅಂದಳು. "ನಾಳೆ ನಂಗೆ ನೋವು ಜಾಸ್ತಿ ಆದ್ರೆ, ಏನಿಲ್ಲ ಸರಿಹೋಗತ್ತೆ ಅಂತೀರಿ. ನಾನು ಹೋಗ್ತೀನಿ ಅಂದ್ರೆ ಬಾಯಿ ಮುಚ್ಚಿಸ್ತೀರಿ. ಹೋದ ಮೇಲೂ ನಿಲ್ಲಿಸಿಟ್ಟು ಧೂಳು ಒರೆಸ್ತಾ ಕೂರ್ತೀರಿ. ನಂಗೆ ಬೇಕಾಗಿರೋದು ಅದಲ್ಲ. ಹೋಗೋಳನ್ನ ಹೋಗ್ತಾಳೆ ಅಂತ ಒಪ್ಪಿಕೊಂಡು ಕೈ ಹಿಡಿಯೋ ಒಬ್ಬ ಮನುಷ್ಯ ಬೇಕು ನಂಗೆ. ನಿಮಗೆ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ನಾನು ನಿಮ್ಮನ್ನ ಆಗ್ಲೇ ತುಂಬ ಇಷ್ಟಪಟ್ಟುಬಿಟ್ಟಿದೀನಿ. ಇನ್ನೂ ಜಾಸ್ತಿ ಆದ್ರೆ ಕಷ್ಟ."

ಅವನು ಹಾರೆ ಎತ್ತಿಕೊಂಡು ಗೇಟಿನವರೆಗೆ ಹೋದ, ಆ ಕಲ್ಲಿನ ಮುಂದೆ ನಿಂತ, ಕತ್ತಲಾಗುವವರೆಗೂ ನಿಂತೇ ಇದ್ದ. ಅವಳು ಇನ್ನೊಂದು ಬಾಗಿಲಿನಿಂದ ಮನೆಗೆ ಹೋದಳು.

*

ಔಷಧಿ ಮತ್ತೆ ಶುರುವಾಯಿತು. ಅತ್ತಿಗೆ ಮಾತು ಮರೆತವಳ ಹಾಗೆ ಓಡಾಡುತ್ತಿದ್ದಳು. ಅವಳು ಮಾತ್ರ ಸಾಧ್ಯವಾದ ದಿನ ಮಷಿನ್ನಿನ ಮುಂದೆ ಕೂರುತ್ತಿದ್ದಳು. ಸೂಟು ಕೋಟುಗಳಿಂದ ಉಳಿದ ತುಂಡುಗಳನ್ನೆಲ್ಲ ಸೇರಿಸಿ, ಒಳಗೆ ಹಳೆಯ ಹತ್ತಿ ತುಂಬಿ, ಒಂದು ದಪ್ಪ ಮೆತ್ತೆ ಹೊಲಿಯುತ್ತಿದ್ದಳು. ಯಾರಿಗೆ ಅಂತ ಅತ್ತಿಗೆ ಕೇಳಿದರೆ, "ಆರ್ಡರ್," ಅನ್ನುತ್ತಿದ್ದಳು. ಕೊಟ್ಟವರು ಯಾರೂ ಇರಲಿಲ್ಲ. ಸುಮ್ಮನೆ ಕಾಯುವುದಕ್ಕಿಂತ ಕೈಗೆ ಕೆಲಸವಿರಲಿ ಅಂತ.

ಒಂದು ಮುಂಜಾನೆ ಅವನು ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತ. ಕ್ಷೌರ ಮಾಡಿಕೊಂಡಿದ್ದ. ನಿದ್ದೆ ಮಾಡಿರಲಿಲ್ಲ.

"ಇವತ್ತು ಮಲಗಿಸ್ತೀನಿ," ಅಂದ. "ಒಬ್ಬನ ಕೈಲಿ ಆಗಲ್ಲ. ನೀವು ಬರ್ತೀರಾ?"

"ನಾನು ಭಾರ ಎತ್ತೋ ಹಾಗಿಲ್ಲ."

"ಎತ್ತೋದು ಬೇಡ. ಅಲ್ಲಿ ನಿಂತಿದ್ರೆ ಸಾಕು."

ಅವಳು ಮೆತ್ತೆಯನ್ನು ಮಡಿಚಿ ಬಗಲಲ್ಲಿಟ್ಟುಕೊಂಡು ಹೊರಟಳು.

ತೋಟದಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಅಜ್ಜಿ ಅವರಿಬ್ಬರನ್ನೂ ಹಾರೆಯನ್ನೂ ನೋಡಿ, ಏನೂ ಕೇಳದೆ ಪೈಪು ನಿಲ್ಲಿಸಿದಳು. ಅವನು ಬುಡದ ಮಣ್ಣು ಬಿಡಿಸಿದ. ಬಿಗಿಯಾಗಿ ಕೂತ ಕಲ್ಲು, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಾರೆ ಹಾಕಿ ಮೀಟಿದ, ಮತ್ತೆ ಮೀಟಿದ. ಕಡೆಗೆ ಕಲ್ಲು ಒಂದು ಸಣ್ಣ ಸದ್ದು ಮಾಡಿ ವಾಲಿತು. ಅದನ್ನು ಎರಡು ತೋಳಲ್ಲೂ ತಬ್ಬಿ ಹಿಡಿದು ಅವನು ಹಾಗೇ ನಿಂತುಬಿಟ್ಟ. ಇಳಿಸಲೂ ಇಲ್ಲ, ಮತ್ತೆ ನಿಲ್ಲಿಸಲೂ ಇಲ್ಲ. ಕುತ್ತಿಗೆಯ ನರಗಳು ಉಬ್ಬಿದ್ದವು.

ಅವಳು ಕಲ್ಲು ಬೀಳುವ ಜಾಗದಲ್ಲಿ ಮೆತ್ತೆ ಹಾಸಿದಳು. ಅಂಚುಗಳನ್ನು ಎಳೆದು ಸರಿಮಾಡಿದಳು, ಹಾಸಿಗೆ ಸರಿಮಾಡುವ ಹಾಗೆ.

"ಮೆತ್ತಗಿದೆ," ಅಂದಳು. "ಮಲಗ್ಲಿ ಬಿಡಿ. ನಿಂತು ನಿಂತು ಅವರಿಗೂ ಸಾಕಾಗಿರತ್ತೆ."

ಅವನು ಇಳಿಸಿದ. ಬಳ್ಳಿಯ ಒಂದು ಎಲೆಯೂ ಮುಕ್ಕಾಗದ ಹಾಗೆ, ಉಸಿರು ಬಿಗಿಹಿಡಿದು ಇಳಿಸಿದ. ಆಮೇಲೆ ಮಂಡಿಯೂರಿ, ಹೆಸರಿನ ಮೇಲೆ ಕೈಯಿಟ್ಟು, "ಹೋಗಿಬಿಟ್ಲು," ಅಂದ. ಅಷ್ಟು ಹೊತ್ತು, ಅಷ್ಟು ವರ್ಷ ಹಿಡಿದಿಟ್ಟದ್ದೆಲ್ಲ ಆಗ ಬಂತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಆಚೆ ತಿರುಗಿದಳು. ಅವಳು ಅವನ ಪಕ್ಕದಲ್ಲಿ ಕಷ್ಟಪಟ್ಟು ಕೂತು, ಬೆನ್ನು ನೋಯುತ್ತಿದ್ದರೂ ಏಳದೆ, ಅವನ ಭುಜದ ಮೇಲೆ ಕೈಯಿಟ್ಟುಕೊಂಡಿದ್ದಳು.

ಬಹಳ ಹೊತ್ತಾದ ಮೇಲೆ ಅವಳೇ ಕೇಳಿದಳು. "ನನ್ನದನ್ನೂ ಮಲಗಿಸ್ತೀರಾ?"

"ಮಲಗಿಸ್ತೀನಿ." ಈ ಸಲ ಮಾತು ತಡೆಯಲಿಲ್ಲ. "ಒಂದು ದಿನಾನೂ ತಡ ಮಾಡಲ್ಲ. ಆದ್ರೆ ಬುಡ ಮಾತ್ರ ಸಡಿಲ ಬಿಡಲ್ಲ. ಅವತ್ತು ನೀವು ಹೋದಮೇಲೆ ಇನ್ನೂ ಗಟ್ಟಿ ಮಾಡಿದೀನಿ. ಮಲಗಿಸೋ ದಿನ ನಂಗೆ ಕಷ್ಟ ಆಗಬೇಕು. ಸುಲಭ ಆಗೋದು ಬೇಡ."

ಅವಳಿಗೆ ಈಗ ಅಳು ತಡೆಯಲಾಗಲಿಲ್ಲ. ಡಾಕ್ಟರಮ್ಮನ ಮುಂದೆ ಅಳದವಳು, ಅಣ್ಣನ ಮುಂದೆ ಅಳದವಳು, ಇಲ್ಲಿ ಒದ್ದೆ ಮಣ್ಣಿನ ಮೇಲೆ ಕೂತು ಅತ್ತಳು. ಅವನು ಸುಮ್ಮನಿರು ಅನ್ನಲಿಲ್ಲ. ಎಲ್ಲ ಸರಿಹೋಗುತ್ತದೆ ಅನ್ನಲಿಲ್ಲ. ಕೋಟು ಬಿಚ್ಚಿ ಅವಳಿಗೆ ಹೊದಿಸಿದ.

ಚಳಿಗೆ ಅವಳು ಜೇಬಿಗೆ ಕೈ ಹಾಕಿದಳು. ಕೈ ಸೀದಾ ಕೆಳಗೆ ಹೊರಬಂತು.

"ಇನ್ನೂ ಹರಿದೇ ಇಟ್ಕೊಂಡಿದೀಯಾ?" ಮೊದಲ ಸಲ ಏಕವಚನ ಬಂದಿತ್ತು. ಇಬ್ಬರೂ ಗಮನಿಸಿದರು.

"ಇವತ್ತು ನೀನು ಬರಲ್ಲ ಅಂದಿದ್ರೆ," ಅಂದ ಅವನು, ಕೆಂಪಾದ ಕಣ್ಣಿನಲ್ಲೇ, "ನಾಳೆ ಬರೋಕೆ ಬೇರೆ ನೆಪ ಇರ್ಲಿಲ್ಲ."

ಅವಳು ಹರಿದ ಜೇಬಿನಿಂದ ಹೊರಬಂದ ಬೆರಳುಗಳನ್ನು ಹಾಗೇ ಚಾಚಿದಳು. ಅವನು ಹಿಡಿದುಕೊಂಡ. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

"ಇನ್ನು ಕತ್ತರಿಸಬೇಡ," ಅಂದಳು. "ಅಂಗಡಿ ಹಿಂದಿನ ಕೋಣೆ ಖಾಲಿ ಇದೆ. ಸಾಮಾನು ತಗೊಂಡು ಬಾ. ಕಲ್ಲಿನ ಪುಡಿ ಬಾಗಿಲಾಚೆ ಕೊಡವಿ ಒಳಗೆ ಬರ್ಬೇಕು. ಅಣ್ಣನಿಗೆ ನಾನು ಹೇಳ್ತೀನಿ. ಅತ್ತಿಗೆಗೆ ಹೇಳೋದೇ ಬೇಕಾಗಿಲ್ಲ, ಅವರು ಯಾವತ್ತೋ ಟಾಕಾ ಹಾಕಿಬಿಟ್ಟಿದಾರೆ."

ಎಷ್ಟು ದಿನಕ್ಕೆ ಅಂತ ಅವನು ಕೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಮಂಜಿನಾಚೆ, ಮಲಗಿದ ಕಲ್ಲುಗಳ ಸಾಲಿನ ನಡುವೆ ಅವಳ ಕಲ್ಲು ನೆಟ್ಟಗೆ ನಿಂತಿತ್ತು. ಅಜ್ಜಿ ಮತ್ತೆ ನೀರು ಬಿಟ್ಟಳು. ಅವನು ಅವಳನ್ನು ಮೆಲ್ಲಗೆ ಎಬ್ಬಿಸಿ, ನೋಯದ ಕಡೆ ತೋಳು ಕೊಟ್ಟು, ಮನೆಯ ಕಡೆ ನಡೆಸಿಕೊಂಡು ಹೊರಟ.